ಹಾಲಿನೊಳಗಿನ ಹಾಲಿ

ನನ್ನ ಮೊದಲ ಮಗಳು ಬೆಳೆದದ್ದು ಆಡಿನ ಹಾಲಿನ ಮೇಲೆ. ಬಾಣಂತಿಯಾದ ಹೊಸದರಲ್ಲೇ ಜ್ವರ ಬಂದು ನನ್ನ ಎದೆಹಾಲು ಬತ್ತಿಹೋಗಿತ್ತು. ನಮ್ಮದು ಕುರಿ ಸಾಕುವ ಮನೆ, ಹಾಗಾಗಿ ಹಾಲಿಗೆಂದು ಯಾರ ಬಾಗಿಲನ್ನೂ ಬಡಿಯಬೇಕಾಗಿರಲಿಲ್ಲ. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು ಕುರಿಯ ಗೊರಸಿಗೆ ಆಗುವುದಿಲ್ಲ. ಮಾವ ಮತ್ತು ಗಂಡ ಹಿಂಡು ಹೊಡೆದುಕೊಂಡು ಗುರುಮಿಠಕಲ್ಲಿನ ಕಡೆಯ ಕೆಂಪು ಸೀಮೆಗೆ ಹೊರಟಾಗ, ಕೂಸಿಗೆಂದು ಈದ ಆಡೊಂದನ್ನು ಬಿಟ್ಟರು. ಒಂದೇ ಆದರೆ ದಿನವಿಡೀ ಒದರುತ್ತದೆಂದು ಜೊತೆಗೊಂದು ಗೊಡ್ಡು ಆಡನ್ನೂ ಬಿಟ್ಟರು. ಮನೆಯಲ್ಲಿ ಉಳಿದವರು ನಾನು, ಅತ್ತೆ, ಕೂಸು.

ಊರು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯ ಒಳಗೆ. ಊರಿನ ಒಂದು ಮಗ್ಗುಲಿಗೆ ಗುಡ್ಡ, ಗುಡ್ಡದ ಕೆಳಗೆ ಮಸಾರಿ ಎಂದು ಕರೆಯುವ ಕೆಂಪು ಮರಳುನೆಲ. ಇನ್ನೊಂದು ಮಗ್ಗುಲಿಗೆ ಕಣ್ಣು ಹಾಯುವಷ್ಟು ದೂರ ಕಪ್ಪು ಎರೆಭೂಮಿ. ಎರೆಯಲ್ಲಿ ನಮ್ಮದೊಂದು ತುಂಡು ಹೊಲವಿತ್ತು, ಗುಡ್ಡದ ಬುಡದಲ್ಲಿ ಇನ್ನೊಂದು ತುಂಡು. ಅತ್ತೆ ದಿನಾ ಮುಂಜಾನೆ ಆಡುಗಳನ್ನು ಗುಡ್ಡಕ್ಕೆ ಬಿಡುತ್ತಿದ್ದಳು.

ಏಕೀಕರಣವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ತಹಸೀಲಿ ಕಚೇರಿಯ ಉರ್ದು ಹಲಗೆ ಇಳಿದು ಕನ್ನಡದ್ದು ಏರಿತ್ತು. ಒಳಗೆ ಕೂತವರು ಮಾತ್ರ ಹಳೆಯ ಮಾತೇ ಆಡುತ್ತಿದ್ದರು. ಸಂತೆಯಲ್ಲಿ ಎರಡು ಥರದ ರೂಪಾಯಿ ಓಡಾಡುತ್ತಿದ್ದವು. ಒಂದು ನಿಜಾಮರ ಕಾಲದ ಹಾಲಿ, ಇನ್ನೊಂದು ನಾವು ಕಲ್ದಾರ ಎಂದು ಕರೆಯುತ್ತಿದ್ದ ಹಿಂದುಸ್ತಾನದ ರೂಪಾಯಿ. ಹಾಲಿಯ ಬೆಲೆ ಕಡಿಮೆ, ಕಲ್ದಾರದ್ದು ಹೆಚ್ಚು. ಎರಡೂ ದುಂಡಗೆ, ಎರಡೂ ಬೆಳ್ಳಗೆ. ಮಂಜುಗಣ್ಣಿನ ನಮ್ಮ ಅತ್ತೆ ಒಮ್ಮೆ ಯಾದಗಿರಿಯಲ್ಲಿ ಕಂಬಳಿ ಮಾರಿ, ಕಲ್ದಾರವೆಂದು ಹಾಲಿ ಇಸಿದುಕೊಂಡು ಬಂದಿದ್ದಳು. ಊರೆಲ್ಲ ನಕ್ಕಿತು. ಅವತ್ತಿನಿಂದ ಅವಳು ಕೈಗೆ ಬಂದ ಯಾವ ರೂಪಾಯಿಯನ್ನೂ ಕಲ್ಲಿನ ಮೇಲೆ ಒಗೆದು ಸಪ್ಪಳ ಕೇಳದೆ ಉಡಿಗೆ ಹಾಕುತ್ತಿರಲಿಲ್ಲ. ಕಲ್ದಾರದ ಸಪ್ಪಳವೇ ಬೇರೆ ಎನ್ನುತ್ತಿದ್ದಳು. ನನಗೆ ಎರಡೂ ಒಂದೇ ಥರ ಕೇಳುತ್ತಿತ್ತು. ಅವಳ ಕಿವಿಗೆ ಮಾತ್ರ ಆಮೇಲೆ ಯಾರೂ ಮೋಸ ಮಾಡಲಿಲ್ಲ.

ನಾನು ಸುರಪುರದವಳು. ಅಪ್ಪ ಕಚೇರಿಯಲ್ಲಿ ಚಪರಾಸಿ. ಮಗಳು ನಾಲ್ಕು ಅಕ್ಷರ ಕಲಿಯಲೇಬೇಕೆಂದು ಹಟ ಹಿಡಿದು ಉರ್ದು ಶಾಲೆಗೆ ಹಾಕಿದ್ದ. ಕನ್ನಡ ಓದುವುದನ್ನು ನಾನೇ ಕಲಿತೆ, ಅಂಗಡಿ ಹಲಗೆ ಓದಿ, ಬಸ್ಸಿನ ಹಲಗೆ ಓದಿ, ಪೊಟ್ಟಣದ ಕಾಗದ ಓದಿ. ಅಚ್ಚಾದ ಕಾಗದ ಕಂಡರೆ ನನಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಅದೊಂದು ಚಟ. ಅತ್ತೆ ಅದನ್ನು ರೋಗ ಎನ್ನುತ್ತಿದ್ದಳು.

ಒಂದು ಸಂತೆಯ ದಿನ ಬೆಲ್ಲ ಕಟ್ಟಿಕೊಟ್ಟ ಕಾಗದವನ್ನು ಬಿಡಿಸಿ, ಅಂಟಿದ ಬೆಲ್ಲ ಒರೆಸಿ ಓದಿದೆ. ದೂರದ ಸಮುದ್ರದಲ್ಲಿ ದೊಡ್ಡ ದೇಶಗಳು ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡುತ್ತಿವೆಯಂತೆ. ಆ ಬಾಂಬಿನ ಬೂದಿ ಮೋಡಕ್ಕಿಂತ ಮೇಲೆ ಹೋಗಿ, ಗಾಳಿಯ ಜೊತೆ ಭೂಮಿ ಸುತ್ತಿ, ಎಲ್ಲೋ ಒಂದು ಕಡೆ ಮಳೆಯಲ್ಲಿ ಇಳಿಯುತ್ತದಂತೆ. ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಎಳೆಯ ಮಕ್ಕಳ ಎಲುಬಿಗೆ ಹೋಗಿ ಕೂರುತ್ತದಂತೆ. ಕಡೆಯ ಸಾಲು 'ಆದ್ದರಿಂದ ತಾಯಂದಿರು' ಎಂದಿತ್ತು. ಅಲ್ಲಿಗೆ ಕಾಗದ ಹರಿದಿತ್ತು.

ಆದ್ದರಿಂದ ತಾಯಂದಿರು ಏನು ಮಾಡಬೇಕು? ಉಳಿದರ್ಧ ಕಾಗದ ಯಾರ ಮನೆಯ ಬೆಲ್ಲದ ಜೊತೆ ಹೋಯಿತೋ ಏನೋ. ಮುಂದಿನ ಸಂತೆಗೆ ಹೋಗಿ ಅಂಗಡಿಯವನನ್ನು ಕೇಳಿದೆ. ಅವನು ನನ್ನ ಮುಖ ನೋಡಿ, ಬೆಲ್ಲ ಚೆನ್ನಾಗಿತ್ತೋ ಇಲ್ಲವೋ ಅಷ್ಟು ಹೇಳು ಎಂದ. ಅವನ ರದ್ದಿಯ ಕಟ್ಟನ್ನೆಲ್ಲ ತಿರುವಿಹಾಕಿ ಬೈಸಿಕೊಂಡು ಬಂದೆ. ಸಿಗಲಿಲ್ಲ. ಹೊರಗೆ ಮಳೆ ಶುರುವಾಗಿತ್ತು. ಗುಡ್ಡದ ಮೇಲೆ ಎಳೆಹುಲ್ಲು ಚಿಗುರಿತ್ತು. ನಮ್ಮ ಆಡು ಹೊಟ್ಟೆ ಬಿರಿಯ ಅದನ್ನೇ ಮೇಯುತ್ತಿತ್ತು. ಬೇರೆ ವರ್ಷವಾಗಿದ್ದರೆ ಅದನ್ನು ನೋಡಿ ಹಿಗ್ಗುತ್ತಿದ್ದೆ.

ಅತ್ತೆಗೆ ಓದಿ ಹೇಳಿದೆ. ತಪ್ಪಾದದ್ದು ಅಲ್ಲೇ. ಕಾಗದದಲ್ಲಿ ಬೂದಿ ಎಂದಿತ್ತು, ನಾನೂ ಬೂದಿ ಎಂದೆ. ನಮ್ಮ ಮನೆಯಲ್ಲಿ ಬೂದಿಗೆ ಇದ್ದ ಮರ್ಯಾದೆ ನನಗೂ ಇರಲಿಲ್ಲ. ಜೋಳದ ಬೀಜಕ್ಕೆ ಹುಳು ಹತ್ತದಿರಲೆಂದು ಬೂದಿ ಕಲಸುತ್ತಿದ್ದರು. ಪಾತ್ರೆ ಬೆಳಗಲು ಬೂದಿ, ಹಲ್ಲುಜ್ಜಲು ಬೂದಿ. ಹೊಲಕ್ಕೆ ಹಾಕಿದರೆ ಗೊಬ್ಬರ. ಕೂಸು ಬೆಚ್ಚಿಬಿದ್ದರೆ ಹಣೆಗೆ ಹಚ್ಚುವುದೂ ಅದನ್ನೇ. ಅಂಥ ಬೂದಿ ಆಕಾಶದಿಂದ ಪುಕ್ಕಟೆ ಬೀಳುತ್ತದೆ ಎಂದರೆ ಯಾರು ಹೆದರುತ್ತಾರೆ?

"ಬೂದಿ ಬಿದ್ರ ಬೀಳವಲ್ದ್ಯಾಕ," ಅಂದಳು ಅತ್ತೆ. "ಬೂದಿಯಿಂದ ಯಾರ ಮನಿ ಹಾಳಾಗ್ಯಾದ?"

ಇದು ಒಲೆಯ ಬೂದಿಯಲ್ಲ, ವಿಷದ ಬೂದಿ ಎಂದೆ. ವಿಷ ಸುಟ್ಟರೆ ವಿಷ ಹೋಗುತ್ತದೆ, ಅದಕ್ಕೇ ಅದು ಬೂದಿ ಎಂದಳು. ಮಾತಿಗೆ ಮಾತು ಬೆಳೆಯಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಈಗಲೂ. ಮರುದಿನ ಮುಂಜಾನೆ ಅವಳು ಏಳುವ ಮೊದಲೇ ಹಾಲಿನ ಆಡನ್ನು ಹಿತ್ತಲ ಗೂಟಕ್ಕೆ ಕಟ್ಟಿ, ಬಣವೆಯಿಂದ ಹೋದ ವರ್ಷದ ಕಣಿಕೆ ಹಿರಿದು ತಂದು ಅದರ ಮುಂದೆ ಹಾಕಿದೆ. ಒಣಗಿದ ಜೋಳದ ದಂಟದು. ಎತ್ತು ತಿನ್ನುತ್ತದೆ. ಆಡು ಅದನ್ನು ಮೂಸಿ, ನನ್ನನ್ನು ನೋಡಿ, ಮುಖ ತಿರುಗಿಸಿತು.

ಮೂರ್ನಾಲ್ಕು ದಿನದಲ್ಲಿ ಹಾಲು ಅರ್ಧಕ್ಕೆ ಇಳಿಯಿತು. ಕೂಸು ಹಸಿವಿಗೆ ಚೀರಿ ಚೀರಿ ದನಿ ಬಿದ್ದುಹೋಯಿತು. ನೀರು ಬೆರೆಸಿದೆ, ರಾಗಿ ಗಂಜಿ ಸೋಸಿ ಕುಡಿಸಿದೆ, ವಾಂತಿ ಮಾಡಿಕೊಂಡಿತು. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಳು. ಆಮೇಲೊಂದು ಮುಂಜಾನೆ ತಂಬಿಗೆಯೊಳಗಿನ ಹಾಲು ನೋಡಿ ತಡೆಯಲಾರದೆ ಬಂದು ನನ್ನ ಮುಂದೆ ನಿಂತಳು.

"ಕೂಸಿನ ಹೊಟ್ಟಿ ಮ್ಯಾಲ ಹೊಡದು ಎಲುಬು ಉಳಸ್ತೀಯೇನ ಬೇ?"

ಅವಳು ಗೂಟದ ಹಗ್ಗ ಬಿಚ್ಚಿದಳು. ನಾನು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡೆ. ಇಬ್ಬರು ಹೆಂಗಸರು, ನಡುವೆ ಒಂದು ಆಡು. ಈಗ ನೆನೆದರೆ ನಗು ಬರುತ್ತದೆ, ಅವತ್ತು ಅಳು ಬಂದಿತ್ತು. ಕೊನೆಗೆ ನಾನೇ ಹಗ್ಗ ಬಿಟ್ಟೆ. ಆಡು ಗುಡ್ಡಕ್ಕೆ ಹೋಯಿತು. ಸಂಜೆ ಕೂಸು ಹೊಟ್ಟೆ ತುಂಬ ಕುಡಿದು ಮಲಗಿತು. ಅದರ ಕಾಲಿನ ಎಲುಬನ್ನು ಬೆರಳಿನಿಂದ ಸವರುತ್ತ ಕೂತೆ. ಬೆಂಡಿನಷ್ಟು ಹಗುರ ಇತ್ತು ಆ ಕಾಲು. ಇದನ್ನು ನಾನು ಹೀಗೆ ಬಿಡುವುದಿಲ್ಲ, ಹರಿದುಹೋದ ಕಾಗದದಲ್ಲಿ ಏನಿತ್ತೆಂದು ಯಾರಾದರೂ ಒಬ್ಬರಿಗೆ ಗೊತ್ತಿರಲೇಬೇಕು ಅಂದುಕೊಂಡೆ.

ಗೊತ್ತಿದ್ದವನು ನಮ್ಮ ಹೊಲಕ್ಕೇ ಬಂದ. ಆಗ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಮುಂದೊಂದು ದಿನ ಈ ಕಡೆ ಕಾಲುವೆ ಬರುತ್ತದೆ, ಅದಕ್ಕೆ ಮಣ್ಣು ನೋಡಬೇಕು ಎಂದು ಸರಕಾರದ ಮಂದಿ ಊರೂರು ತಿರುಗುತ್ತಿದ್ದರು. ಕಾಲುವೆ ಕಟ್ಟುವವರಿಗೆಂದು ಆಮೇಲೆ ಎದ್ದ ಭೀಮರಾಯನಗುಡಿಯ ದೊಡ್ಡ ಕ್ಯಾಂಪು ಇನ್ನೂ ಕನಸಿನಲ್ಲೂ ಇರಲಿಲ್ಲ. ನಮ್ಮ ಎರೆಹೊಲದ ನಡುವೆ ಆಳುದ್ದದ ಗುಂಡಿ ತೋಡಿಸಿ, ಅದರೊಳಗೆ ಇಳಿದು ಗೋಡೆಯನ್ನು ಚಾಕುವಿನಿಂದ ಕೆರೆಯುತ್ತಿದ್ದವನು ಧಾರವಾಡ ಕಡೆಯ ಒಬ್ಬ ಮಣ್ಣಿನ ಪರೀಕ್ಷಕ. ಬೆಳೆ ಹಾಳು ಮಾಡಿದರೆಂದು ಜಗಳ ತೆಗೆಯಲು ಅತ್ತೆ ನನ್ನನ್ನು ಕಳಿಸಿದ್ದಳು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೋದೆ. ಜಗಳದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ಮಣ್ಣಿನ ಬಗ್ಗೆ ತನ್ನ ಆಳುಗಳಿಗೆ ಹೇಳುತ್ತಿದ್ದುದು ಕೇಳಿ ಅದನ್ನು ನುಂಗಿಕೊಂಡೆ. ಬಾಂಬಿನ ಬೂದಿಯ ಬಗ್ಗೆ ನಿಮಗೆ ಗೊತ್ತೇನ್ರಿ ಎಂದು ಮೇಲಿನಿಂದಲೇ ಕೇಳಿದೆ.

ಅವನು ತಲೆಯೆತ್ತಿ ನೋಡಿದ. ನಗಲಿಲ್ಲ, ಅದು ನನಗೆ ಇವತ್ತಿಗೂ ನೆನಪಿದೆ. ಓದಿದ್ದೇನೆ, ಪೂರ್ತಿ ತಿಳಿದಿಲ್ಲ, ತಿಳಿದಷ್ಟು ತೋರಿಸುತ್ತೇನೆ, ಇಳಿದು ಬಾ ಎಂದ. ಹೊಲದ ಬದುವಿನ ಮೇಲೆ ನಾಲ್ಕು ಜನ ನೋಡುತ್ತ ನಿಂತಿದ್ದರು. ಸೊಸೆಯಾದವಳು ಪರಗಂಡಸು ನಿಂತ ಗುಂಡಿಗೆ ಇಳಿಯುವುದೆಂದರೆ ಊರಿಗೆ ಒಂದು ತಿಂಗಳ ಮಾತಾಗುತ್ತಿತ್ತು. ಆಗಲಿ ಎಂದು ಸೀರೆಯ ನೆರಿಗೆ ಎತ್ತಿ ಕಟ್ಟಿ ಇಳಿದೆ.

ಒಳಗೆ ತಂಪಾಗಿತ್ತು. ಗುಂಡಿಯ ಗೋಡೆಯಲ್ಲಿ ತೊಗರಿಯ ಬೇರು ನನ್ನ ಹಣೆಯ ಎತ್ತರದಿಂದ ಮೊಣಕಾಲಿನ ತನಕ ಇಳಿದಿತ್ತು. ಅದರ ಪಕ್ಕದಲ್ಲೇ ಹುಲ್ಲಿನ ಬೇರು ಮೇಲಿನ ಒಂದು ಗೇಣಿನಲ್ಲೇ ಕೂದಲಿನಂತೆ ಹೆಣೆದುಕೊಂಡು ನಿಂತುಬಿಟ್ಟಿತ್ತು. ಮಳೆಯಲ್ಲಿ ಇಳಿದದ್ದು ಮೊದಲು ಎಲೆಯ ಮೇಲೆ ಕೂರುತ್ತದೆ, ಆಮೇಲಿನ ಮಳೆಗೆ ತೊಳೆದು ನೆಲಕ್ಕೆ ಬೀಳುತ್ತದೆ. ಬಿದ್ದದ್ದು ಕೆಳಗೆ ಓಡುವುದಿಲ್ಲ, ಮೇಲಿನ ಈ ಗೇಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ ಎಂದು ಅವನು ತೋರಿಸಿದ. ಹುಲ್ಲು ಮೇಯುವ ದನಕ್ಕೆ ಮೊದಲು ಸಿಗುವುದು ಅದಕ್ಕೇ. ಆಮೇಲೆ ಕಪ್ಪು ಮಣ್ಣಿನಲ್ಲಿ ಸಿಕ್ಕಿಕೊಂಡಿದ್ದ ಬಿಳಿಯ ಹರಳೊಂದನ್ನು ಚಾಕುವಿನಿಂದ ಎಬ್ಬಿಸಿ ನನ್ನ ಅಂಗೈಗೆ ಹಾಕಿದ. ನಮ್ಮ ಎರೆಯ ತುಂಬ ಅವೇ. ನೇಗಿಲಿಗೆ ಅಡ್ಡ ಬರುತ್ತವೆಂದು ನಾವು ಬೈಯುತ್ತಿದ್ದ ಹರಳು. ಅದು ಸುಣ್ಣ ಎಂದ.

"ಬೇರಿಗೆ ಕಣ್ಣಿಲ್ಲ ತಂಗಿ," ಎಂದ. "ಅದಕ್ಕ ಸುಣ್ಣ ಬೇಕು. ಬಾಂಬಿನ ಬೂದಿಯೊಳಗ ಇರೋ ಒಂದು ಜಿನಸು ಥೇಟ್ ಸುಣ್ಣದಂಗ ಇರ್ತದ. ಸುಣ್ಣ ಅಂತ ತಿಳದು ಬೇರು ಅದನ್ನೂ ಎಳಕೋತದ."

ಆಡಿನ ಹೊಟ್ಟೆಯೂ ಹಾಗೇ ಸುಣ್ಣವೆಂದು ತಿಳಿಯುತ್ತದೆ, ಆದರೆ ಅದು ಸ್ವಲ್ಪ ಜಾಣ, ಹಾಲಿಗೆ ನಿಜವಾದದ್ದನ್ನು ಹೆಚ್ಚು ಬಿಟ್ಟು ಸುಳ್ಳನ್ನು ಕಡಿಮೆ ಬಿಡುತ್ತದೆ. ಕೂಸಿನ ಎಲುಬಿಗೂ ಹಲ್ಲಿಗೂ ಬೇಕಾದದ್ದು ಅದೇ ಸುಣ್ಣ. ನೆಲದಲ್ಲಿ ನಿಜವಾದ ಸುಣ್ಣ ಬೇಕಾದಷ್ಟಿದ್ದರೆ ಬೇರಿಗೆ ಅದೇ ಹೆಚ್ಚು ಸಿಕ್ಕು, ಸುಳ್ಳು ಸುಣ್ಣ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಗುಡ್ಡದ ಕೆಂಪು ನೆಲದಲ್ಲಿ ಸುಣ್ಣ ಇಲ್ಲ, ಅಲ್ಲಿಯ ಹುಲ್ಲು ಸಿಕ್ಕಿದ್ದನ್ನೆಲ್ಲ ಬಾಚುತ್ತದೆ. ಇಷ್ಟನ್ನೂ ಅವನು ನಿಧಾನವಾಗಿ ಹೇಳಿದ. ಇಲ್ಲಿಯ ತನಕ ಬಂದು ಬೀಳುವುದು ಬಹಳ ಕಡಿಮೆ ಇರಬೇಕು, ಎಷ್ಟೆಂದು ಅಳೆಯುವ ಯಂತ್ರ ನಮ್ಮ ಹತ್ತಿರ ಇಲ್ಲ ಎಂದೂ ಹೇಳಿದ. ಹೊರದೇಶದಲ್ಲಿ ಮಕ್ಕಳ ಹಾಲುಹಲ್ಲು ಬಿದ್ದಾಗ ಅದನ್ನು ಪರೀಕ್ಷೆ ಮಾಡಿ ನೋಡಬೇಕೆಂಬ ಮಾತು ನಡೆದಿದೆಯಂತೆ. ನಾನು ಬೆನ್ನಿನ ಕೂಸನ್ನು ಮುಂದಕ್ಕೆ ಎಳೆದುಕೊಂಡೆ.

"ಈಕಿ ಆಡಿನ ಹಾಲ ಮ್ಯಾಲ ಇದ್ದಾಳ್ರಿ. ನಾ ಏನ ಮಾಡ್ಲಿ, ಅಷ್ಟು ಹೇಳ್ರಿ."

ಆಡನ್ನು ಗುಡ್ಡಕ್ಕೆ ಬಿಡಬೇಡ ಎಂದ. ಮಳೆ ಬಂದ ದಿನಗಳಲ್ಲಿ ಹಸಿ ಮೇವು ಬೇಡ, ಹೋದ ವರ್ಷದ ತೊಗರಿ ಹೊಟ್ಟು ಹಾಕು, ತೊಗರಿಯಲ್ಲಿ ಸುಣ್ಣ ಹೆಚ್ಚು. ಎಲೆಯ ಮೇಲಿನ ಮಳೆನೀರು ಆರಿದ ಮೇಲೆ ಎರೆಯ ಬದುವಿನಲ್ಲಿ ಮೇಯಿಸು. ಗುಡ್ಡದ ಬುಡದ ಹೊಲಕ್ಕೆ ಸುಣ್ಣ ಹಾಕು, ಸುಣ್ಣ ಸಿಗದಿದ್ದರೆ ಒಲೆಯ ಬೂದಿಯಾದರೂ ಹಾಕು, ಅದರಲ್ಲೂ ಸುಣ್ಣ ಇರುತ್ತದೆ. ನಾನು ಅವನ ಮುಖವನ್ನೇ ನೋಡಿದೆ. ಒಲೆಯ ಬೂದಿಯೇ? ಹೌದು ಎಂದ. ಬಾಂಬಿನ ಬೂದಿಗೆ ಒಲೆಯ ಬೂದಿ ಮದ್ದು ಎಂದು ಹೋಗಿ ಹೇಳಿದರೆ ನಮ್ಮತ್ತೆ ಇನ್ನು ನನ್ನನ್ನು ಬದುಕಲು ಬಿಡುತ್ತಾಳೆಯೇ!

ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಬಂದೆ. ಬೂದಿ ಎನ್ನುವ ಮಾತು ಈ ಮನೆಯಲ್ಲಿ ಕೆಲಸಕ್ಕೆ ಬಾರದು. ಸುಳ್ಳು ಸುಣ್ಣ ಎಂದರೆ, ಸುಣ್ಣದಲ್ಲಿ ಸುಳ್ಳೇನು ಎನ್ನುತ್ತಾಳೆ. ಅತ್ತೆ ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದಳು. ಹೊಸಿಲ ಕಲ್ಲು ಕಣ್ಣಿಗೆ ಬಿತ್ತು. ಅವಳು ರೂಪಾಯಿ ಒಗೆಯುತ್ತಿದ್ದ ಕಲ್ಲು ಅದೇ.

"ಅತ್ತಿ, ಬೇರಿಗೆ ಹಾಲಿ ಯಾವುದು ಕಲ್ದಾರ ಯಾವುದು ಗೊತ್ತಾಗಂಗಿಲ್ಲ," ಎಂದೆ.

ಮೊರ ನಿಂತಿತು. "ಕಣ್ಣಿಲ್ಲೇನು ಅದಕ?"

"ಇಲ್ಲ."

"ನನ್ನಂಗ," ಅಂದಳು.

ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಸುಣ್ಣ ಕಲ್ದಾರ, ಬಾಂಬಿನದ್ದು ಹಾಲಿ. ಬೇರು ಕಣ್ಣಿಲ್ಲದ ಮುದುಕಿ, ಕೈಗೆ ಹಾಕಿದ್ದನ್ನು ಉಡಿಗೆ ಕಟ್ಟಿಕೊಂಡು ಬರುತ್ತದೆ. ಗುಡ್ಡದ ಸಂತೆಯಲ್ಲಿ ಕಲ್ದಾರವೇ ಇಲ್ಲ, ಎಲ್ಲ ಹಾಲಿ. ಎರೆಯ ಸಂತೆಯಲ್ಲಿ ಕಲ್ದಾರ ಸುರಿದಿದೆ. ನಾನು ಮುಗಿಸುವ ಮೊದಲೇ ಅವಳು ತಾನೇ ಹೇಳತೊಡಗಿದಳು. ಕಲ್ದಾರ ಸುರಿದ ಸಂತೆಯಲ್ಲಿ ಹಾಲಿ ತುರುಕಿದರೂ ಎಷ್ಟು ತುರುಕಿಯಾರು? ಯಾದಗಿರಿಯಲ್ಲಿ ಅವತ್ತು ತನಗೆ ಮೋಸವಾದದ್ದೂ ಹಾಗೇ, ಆ ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ ಬರೀ ಹಾಲಿಯೇ ಇತ್ತು. ಆ ಕಂಬಳಿಯ ಸಿಟ್ಟು ಇನ್ನೂ ಆರಿರಲಿಲ್ಲ. ಅವನಿಗೆ ಹಿಡಿಶಾಪ ಹಾಕಿದಳು, ಬಾಂಬು ಹಾರಿಸಿದವರಿಗೂ ಹಾಕಿದಳು. ಆಮೇಲೆ ಕೂಸನ್ನು ನನ್ನ ಕೈಯಿಂದ ಇಸಿದುಕೊಂಡಳು.

"ಹಾಲಿನ್ಯಾಗ ಹಾಲಿ ಹಾಕತಾರಂತ ನನ್ನ ಮೊಮ್ಮಗಳಿಗಿ. ನೋಡೇಬಿಡ್ತೀನಿ."

ಒಲೆಯ ಬೂದಿಯ ವಿಷಯ ಕಡೆಗೆ ಹೇಳಿದೆ. ಅವಳು ಎಷ್ಟು ದಿನ ಮೆರೆದಳು ಎಂದು ಹೇಳಿದರೆ ನಂಬಲಿಕ್ಕಿಲ್ಲ. ನೀರಿಗೆ ಬರುವ ಹೆಂಗಸರಿಗೆಲ್ಲ, ಸರಕಾರದ ಮನುಷ್ಯನೇ ನನ್ನ ಬೂದಿ ಒಪ್ಪಿದ ಎಂದು ಸಾರಿದಳು. ಅವರಿವರ ಒಲೆಯ ಬೂದಿಯನ್ನೂ ಬೇಡಿ ತಂದು ಬುಟ್ಟಿಗಟ್ಟಲೆ ಗುಡ್ಡದ ಬುಡದ ಹೊಲಕ್ಕೆ ಚೆಲ್ಲಿಸಿದಳು. ಹೊತ್ತವಳು ನಾನು.

ಆ ಮಳೆಗಾಲ ನಾನು ಪಟ್ಟ ಪಾಡು ನನಗೇ ಗೊತ್ತು. ಕೂಸು ಬೆನ್ನಿಗೆ, ಹಾಲಿನ ಆಡಿನ ಹಗ್ಗ ಕೈಗೆ, ಗೊಡ್ಡು ಆಡು ಹಿಂದೆ. ಆಡು ಅಂದರೆ ಕಟ್ಟಿನಲ್ಲಿ ನಿಲ್ಲುವ ಜೀವವಲ್ಲ, ನೂರು ಬಾಯಿ ತಿಂದು ನೂರು ಕಡೆ ಓಡಬೇಕು ಅದಕ್ಕೆ. ಎರೆಯ ಕೆಸರಿನಲ್ಲಿ ಮೊಣಕಾಲ ತನಕ ಹೂತುಕೊಂಡು ಬದುವಿನಿಂದ ಬದುವಿಗೆ ಅದರ ಹಿಂದೆ ತಿರುಗಿದೆ. ತಿಪ್ಪೆಯ ಹತ್ತಿರ ಕೂತ ಗಂಡಸರು, ಆಡು ಮೇಯಿಸಲು ಆಳು ಸಿಗಲಿಲ್ಲವೇನು, ಅಥವಾ ಆಡೇ ನಿನ್ನನ್ನು ಮೇಯಿಸುತ್ತಿದೆಯೋ ಎಂದು ಕೇಳುತ್ತಿದ್ದರು. ನಾನು ಸೊಪ್ಪು ಹಾಕಲಿಲ್ಲ. ಒಬ್ಬನಿಗೆ ಮಾತ್ರ, ಬಾ ನೀನೂ ಮೇಯಿ, ಹಗ್ಗ ಇನ್ನೊಂದಿದೆ ಎಂದೆ.

ಮಳೆ ಹಿಡಿದ ದಿನ ಅತ್ತೆ ತೊಗರಿ ಹೊಟ್ಟನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಒಂದು ಹರಳು ಉಪ್ಪು ಹಾಕಿ ಕಲಸಿ ಇಡುತ್ತಿದ್ದಳು. ನನಗೆ ಹೊಳೆಯದ ಉಪಾಯ ಅದು. ಆಡು ಬುಟ್ಟಿ ನೆಕ್ಕಿ ಖಾಲಿ ಮಾಡುತ್ತಿತ್ತು. ಹಾಲು ಮೊದಲಿನಷ್ಟೇ ಬರತೊಡಗಿತು, ಕೂಸಿನ ತೊಡೆಗೆ ಮಾಂಸ ಹಿಡಿಯಿತು. ಹಿಂಡು ಹೊಡೆದುಕೊಂಡು ಮರಳಿದ ಗಂಡ ನನ್ನ ಒಡೆದ ಪಾದ ನೋಡಿ, ಏನಿದು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹಾಲಿ, ಕಲ್ದಾರ, ಬೇರು, ಬಾಂಬು ಎಂದು ಉಸಿರು ತೆಗೆದುಕೊಳ್ಳದೆ ಹೇಳಿದಳು. ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಅವ್ವನೂ ಹೆಂಡತಿಯೂ ಒಂದೇ ಕಡೆ ನಿಂತದ್ದನ್ನು ಕಂಡು ಸುಮ್ಮನೆ ತಲೆಯಾಡಿಸಿ ಊಟಕ್ಕೆ ಕೂತ.

ಮುಂದಿನ ಮಳೆಗಾಲವೂ ಹಾಗೇ ಮಾಡಿದೆವು, ಅದರ ಮುಂದಿನದೂ. ಮಗಳು ಓಡಾಡಿದಳು, ಬಿದ್ದಳು, ಎದ್ದಳು. ಅವಳು ಬಿದ್ದಾಗಲೆಲ್ಲ ಬೇರೆ ತಾಯಂದಿರು ರಕ್ತ ಬಂತೇ ಎಂದು ನೋಡಿದರೆ ನಾನು ಎಲುಬು ಮುಟ್ಟಿ ನೋಡುತ್ತಿದ್ದೆ. ಅಳೆಯದೆ ಇದ್ದದ್ದು ಮನಸ್ಸಿನೊಳಗೆ ಬೆಳೆಯುತ್ತಲೇ ಇರುತ್ತದೆ. ನಾವು ಮಾಡಿದ್ದು ಸಾಕಾಯಿತೇ? ಅತ್ತೆ ಹಗ್ಗ ಬಿಚ್ಚಿದ ದಿನದ ಹಾಲು ಎಲ್ಲಿಗೆ ಹೋಯಿತು? ಹರಿದ ಕಾಗದದ ಉಳಿದರ್ಧದಲ್ಲಿ ಇನ್ನೇನಾದರೂ ಇತ್ತೇ? ಆ ಮಣ್ಣಿನ ಪರೀಕ್ಷಕ ಮತ್ತೆ ಈ ಕಡೆ ಬರಲಿಲ್ಲ. ಸಂತೆಯಲ್ಲಿ ಹಾಲಿ ನಿಂತುಹೋಯಿತು, ನಯಾ ಪೈಸೆ ಬಂತು. ನಾನು ಮಾತ್ರ ಮಗಳ ಹಾಲುಹಲ್ಲು ಅಲುಗಾಡುವುದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ.

ಅದು ಬಿದ್ದದ್ದು ಒಂದು ಮಧ್ಯಾಹ್ನ, ಪುಟಾಣಿ ಕಡಲೆ ತಿನ್ನುವಾಗ. ಮಗಳು ಹಲ್ಲನ್ನು ಅಂಗೈಯಲ್ಲಿ ಹಿಡಿದು ಕುಣಿಯುತ್ತ ಬಂದಳು. ನಮ್ಮ ಕಡೆ ಬಿದ್ದ ಹಲ್ಲನ್ನು ಸೆಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಒಗೆಯುತ್ತಾರೆ, ಹೊಸ ಹಲ್ಲು ಚೆಂದ ಬರಲೆಂದು. ಅವಳು ಸೆಗಣಿ ತರಲು ಓಡುವುದರಲ್ಲಿದ್ದಳು. ನಾನು ಹಲ್ಲನ್ನು ಕಿತ್ತುಕೊಂಡೆ. ಒಗೆಯಬೇಡ ಎಂದೆ. ಆದರೆ ಇಟ್ಟುಕೊಂಡು ಏನು ಮಾಡಲಿ? ಯಾರಿಗೆ ಕಳಿಸಲಿ? ಯಾವ ಊರಿನ ಯಾವ ಯಂತ್ರಕ್ಕೆ? ಜೋಳದ ಕಾಳಿನಷ್ಟು ಸಣ್ಣ ಹಲ್ಲು. ಅದರೊಳಗೆ ನನ್ನ ಉತ್ತರ ಇತ್ತು, ಅದನ್ನು ಓದಲು ನನಗೆ ಬರುತ್ತಿರಲಿಲ್ಲ. ಅಚ್ಚಾದದ್ದನ್ನೆಲ್ಲ ಓದುತ್ತಿದ್ದವಳು ನಾನು. ಹೊಸಿಲ ಮೇಲೆ ಕೂತು ಅತ್ತುಬಿಟ್ಟೆ. ಮಗಳು ಗಾಬರಿಯಾಗಿ, ಆಯಿ, ಅವ್ವ ಅಳುತ್ತಿದ್ದಾಳೆ ಎಂದು ಕೂಗಿದಳು.

ಅತ್ತೆ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದಳು. ಆಗ ಅವಳಿಗೆ ಎರಡೂ ಕಣ್ಣು ಪೂರ್ತಿ ಹೋಗಿದ್ದವು. ಏನಾಯಿತು ಎಂದು ಕೇಳಲಿಲ್ಲ, ಆರು ವರ್ಷ ಅವಳೂ ಕಾದಿದ್ದಳೆಂದು ನನಗೆ ಆಗಲೇ ತಿಳಿದದ್ದು. ನನ್ನ ಪಕ್ಕದಲ್ಲಿ ಕುಕ್ಕರಿಸಿ ಅಂಗೈ ಚಾಚಿದಳು.

"ತಾ ಇಲ್ಲಿ."

ಹಲ್ಲನ್ನು ಅವಳ ಕೈಗೆ ಹಾಕಿದೆ. ಅವಳು ಅದನ್ನು ಹೆಬ್ಬೆರಳಿನಿಂದ ತಿರುಗಿಸಿ ನೋಡಿದಳು. ತಲೆಯನ್ನು ಒಂದು ಬದಿಗೆ ವಾಲಿಸಿ, ಹೊಸಿಲ ಕಲ್ಲಿನ ಮೇಲೆ ಒಗೆದು ಕೇಳಿದಳು. ಕೈಯಾಡಿಸಿ ಹುಡುಕಿ, ಹೆಕ್ಕಿ, ಮತ್ತೊಮ್ಮೆ ಒಗೆದಳು. ನನಗೆ ಒಂದು ಸಣ್ಣ ಟಕ್ ಎನ್ನುವ ಸಪ್ಪಳ ಬಿಟ್ಟರೆ ಬೇರೇನೂ ಕೇಳಲಿಲ್ಲ.

"ಕಲ್ದಾರ ಅದ," ಅಂದಳು. ಹಲ್ಲನ್ನು ಮೊಮ್ಮಗಳ ಕೈಗೆ ಕೊಟ್ಟಳು. "ಹೋಗು, ಒಗಿ ಮಾಳಿಗಿ ಮ್ಯಾಲ."